ಶೇಂಗಾ ತಿಂದ ಹತ್ತು ನಿಮಿಷಕ್ಕೆ ಮಗುವಿನ ಮೈತುಂಬ ಗಂಧೆ: ಅಲರ್ಜಿ ಹೌದೋ ಅಲ್ಲವೋ ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಮಗಳಿಗೆ ಈಗ 13 ತಿಂಗಳು, ತೂಕ 9.5 ಕಿಲೊ. ಕಳೆದ ವಾರ ಮೊದಲ ಸಲ ಹಾಲಲ್ಲಿ ನೆನೆಸಿದ ರೊಟ್ಟಿಗೆ ಖಾರವಿಲ್ಲದ ಶೇಂಗಾ ಪುಡಿ ಕಲಸಿ ಕೊಟ್ಟೆ. ಎರಡು ತುತ್ತು ತಿಂದಳು. ಹತ್ತು ನಿಮಿಷಕ್ಕೆ ಬಾಯಿಯ ಸುತ್ತ ಕೆಂಪಾಯಿತು, ಆಮೇಲೆ ಹೊಟ್ಟೆ, ಬೆನ್ನ ಮೇಲೆ ಗಂಧೆ ಎದ್ದವು. ಒಂದು ಕಣ್ಣಿನ ರೆಪ್ಪೆ ಬಾತುಕೊಂಡಿತು. ಒಮ್ಮೆ ವಾಂತಿಯೂ ಆಯಿತು. ಮನೆಯಲ್ಲಿದ್ದ ಅಲರ್ಜಿ ಸಿರಪ್ ಹಾಕಿದೆವು, ಎರಡು ತಾಸಿನಲ್ಲಿ ಎಲ್ಲ ಇಳಿಯಿತು. ನಮ್ಮ ಅತ್ತೆಯವರು ‘ಇದು ಪಿತ್ತ, ಇನ್ನೊಮ್ಮೆ ಚೂರು ಕೊಟ್ಟು ನೋಡು’ ಅನ್ನುತ್ತಾರೆ. ಲ್ಯಾಬಿನವರು ಒಂದೇ ಸಲ ರಕ್ತ ತೆಗೆದು ನೂರು ಪದಾರ್ಥಗಳ ಅಲರ್ಜಿ ಪರೀಕ್ಷೆ ಮಾಡುತ್ತೇವೆ ಅನ್ನುತ್ತಾರೆ. ಮೂರನೇ ತಿಂಗಳಿನಿಂದ ಅವಳ ಕೆನ್ನೆ, ಮೊಣಕೈ ಮೇಲೆ ಇಸುಬು ಇದೆ. ಹಿಂದೆಂದೂ ಶೇಂಗಾ ತಿನ್ನದ ಕೂಸಿಗೆ ಮೊದಲ ಸಲಕ್ಕೇ ಅಲರ್ಜಿ ಹೇಗಾಗುತ್ತದೆ? ಮುಂದೆ ಏನು ಮಾಡಬೇಕು?

ಉತ್ತರ: ಇನ್ನೊಮ್ಮೆ ಕೊಟ್ಟು ನೋಡಬೇಡಿ. ಬೆರಳ ತುದಿಯಷ್ಟೂ ಬೇಡ. ನೀವು ಬರೆದಿರುವ ಲಕ್ಷಣಗಳು ಶೇಂಗಾ ಅಲರ್ಜಿಗೆ ತೀರಾ ಚೆನ್ನಾಗಿ ಹೊಂದುತ್ತವೆ. ಮೊದಲ ಸಲ ಗಂಧೆ ಎದ್ದು ಒಂದು ವಾಂತಿಗೆ ಮುಗಿಯಿತು, ಹಾಗಾಗಿ ಎರಡನೇ ಸಲವೂ ಅಷ್ಟಕ್ಕೇ ನಿಲ್ಲುತ್ತದೆ ಎನ್ನುವಂತಿಲ್ಲ. ಎಷ್ಟು ತಿಂದಿತು, ಆ ದಿನ ಜ್ವರ ನೆಗಡಿ ಇತ್ತೇ, ಉಬ್ಬಸ ಇರುವ ಮಗುವಾದರೆ ಅದು ಹತೋಟಿಯಲ್ಲಿತ್ತೇ ಎಂಬುದೆಲ್ಲ ಸೇರಿ ತೀವ್ರತೆ ಏರಿಳಿಯುತ್ತದೆ. ಕೊಟ್ಟು ನೋಡುವ ಪರೀಕ್ಷೆ ವೈದ್ಯಶಾಸ್ತ್ರದಲ್ಲೂ ಇದೆ. ಆದರೆ ಅದು ನಡೆಯುವುದು ಆಸ್ಪತ್ರೆಯಲ್ಲಿ, ತೀವ್ರ ಅಲರ್ಜಿಯಲ್ಲಿ ಜೀವ ಉಳಿಸುವ ಅಡ್ರಿನಲಿನ್ ಇಂಜೆಕ್ಷನ್ ಕೈಗೆಟುಕುವಲ್ಲಿ ಇಟ್ಟುಕೊಂಡು. ಅತ್ತೆಯವರಿಗೂ ಇದನ್ನು ಬಿಡಿಸಿ ಹೇಳಿ. ಮೈಮೇಲೆ ಎದ್ದದ್ದು ಅವರು ಹೇಳಿದಂತೆ ಪಿತ್ತಗಂಧೆಯೇ. ಅದು ಯಾಕೆ ಎದ್ದಿತು ಎಂಬುದು ನಮಗೆ ಬೇಕಾದ ಉತ್ತರ.

ಆ ಉತ್ತರದ ಬಹುಪಾಲು ನಿಮ್ಮ ನೆನಪಿನಲ್ಲೇ ಇದೆ. ಲ್ಯಾಬಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದಿಡಿ: ಏನೇನು ಕಲಸಿದ್ದಿರಿ, ಎಷ್ಟು ಹೊಟ್ಟೆಗೆ ಹೋಯಿತು, ಎಷ್ಟು ನಿಮಿಷಕ್ಕೆ ಯಾವ ಲಕ್ಷಣ, ಯಾವ ಕ್ರಮದಲ್ಲಿ, ಯಾವ ಔಷಧ ಎಷ್ಟು, ಎಷ್ಟು ಹೊತ್ತಿಗೆ ಇಳಿಯಿತು. ಶೇಂಗಾ ಹುರಿದದ್ದೋ ಬೇಯಿಸಿದ್ದೋ ಅದನ್ನೂ ಬರೆಯಿರಿ. ಅದೇ ತುತ್ತಿನಲ್ಲಿದ್ದ ಹಾಲು, ಜೋಳ ಅಥವಾ ಗೋಧಿ, ಪುಡಿಗೆ ಬೆರೆಸಿದ ಎಳ್ಳು, ಪುಟಾಣಿ, ಇವುಗಳಲ್ಲಿ ಯಾವುದನ್ನು ಮಗು ಮೊದಲೂ ತಿಂದಿತ್ತು, ಆ ಘಟನೆಯ ನಂತರವೂ ಏನೂ ಆಗದೆ ತಿನ್ನುತ್ತಿದೆ ಎಂಬ ಪಟ್ಟಿ ಬಹಳ ಮುಖ್ಯ. ಅಂದಿನ ನಂತರವೂ ಆರಾಮವಾಗಿ ತಿನ್ನುತ್ತಿರುವ ಪದಾರ್ಥದ ಮೇಲೆ ಅನುಮಾನ ಪಡಬೇಕಿಲ್ಲ. ಗಂಧೆಯ ಫೋಟೊ ಇದ್ದರೆ ಇಟ್ಟುಕೊಳ್ಳಿ. ವೈದ್ಯರ ಬಳಿ ಹೋಗುವಷ್ಟರಲ್ಲಿ ಮೈಮೇಲೆ ಕುರುಹೇ ಉಳಿದಿರುವುದಿಲ್ಲ.

ಈ ಬಗೆಯ ಅಲರ್ಜಿಗೆ ಒಂದು ಗಡಿಯಾರವಿದೆ. ಶೇಂಗಾದ ಪ್ರೋಟೀನು ಹೊಟ್ಟೆ ಸೇರಿದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಲಕ್ಷಣ ಕಾಣುತ್ತದೆ, ಹೆಚ್ಚಿನವರಲ್ಲಿ ಮೊದಲ ಅರ್ಧ ಗಂಟೆಯಲ್ಲೇ. ಗಂಧೆಗಳು ಎದ್ದು, ಜಾಗ ಬದಲಿಸಿ, ಒಂದು ದಿನದೊಳಗೆ ಕಲೆಯಿಲ್ಲದೆ ಮಾಯವಾಗುತ್ತವೆ. ತುಟಿ, ರೆಪ್ಪೆ ಬಾತುಕೊಳ್ಳುತ್ತವೆ. ಪುಟ್ಟ ಮಕ್ಕಳಲ್ಲಿ ವಾಂತಿ ತೀರ ಸಾಮಾನ್ಯ. ಮಾತು ಬಾರದ ಕೂಸು ‘ಗಂಟಲು ಕಟ್ಟಿದೆ’ ಎನ್ನುವುದಿಲ್ಲ. ನಾಲಿಗೆ ಹೊರಗೆ ಚಾಚುತ್ತದೆ, ಕಿವಿ ಎಳೆದುಕೊಳ್ಳುತ್ತದೆ, ಬಾಯಿಗೆ ಕೈ ತುರುಕುತ್ತದೆ, ಸಮಾಧಾನವಾಗದೆ ಅಳುತ್ತದೆ, ಇಲ್ಲವೇ ಇದ್ದಕ್ಕಿದ್ದಂತೆ ಆಟ ಬಿಟ್ಟು ಮಂಕಾಗಿ ಹೆಗಲಿಗೆ ಒರಗುತ್ತದೆ. ಅಳುವ ದನಿ ಒಡೆದಂತಾಗುವುದು, ಬಿಡದ ಕೆಮ್ಮು, ಎದೆಯಲ್ಲಿ ಸುಯ್ ಎಂಬ ಸದ್ದು, ಪಕ್ಕೆ ಒಳಸೇದುವುದು, ಬಿಳಿಚಿಕೊಂಡು ಕೈಕಾಲು ಜೋತುಬೀಳುವುದು: ಇವುಗಳಲ್ಲಿ ಒಂದು ಕಂಡರೂ ಅದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೆ ಕುತ್ತು ತರಬಲ್ಲ ಅಲರ್ಜಿ. ಗಂಧೆಯ ಜೊತೆಗೆ ಮತ್ತೆ ಮತ್ತೆ ವಾಂತಿಯಾದರೂ ಹಾಗೆಯೇ ಎಣಿಸಬೇಕು. ಕೆಲವು ಮಕ್ಕಳಲ್ಲಿ ಮೈಮೇಲೆ ಒಂದೂ ಗಂಧೆ ಏಳದೆ ನೇರ ಉಸಿರಿಗೆ ತೊಂದರೆಯಾಗುವುದುಂಟು. ‘ಮೈಮೇಲೆ ಏನೂ ಇಲ್ಲವಲ್ಲ’ ಎಂದು ಕಾಯುತ್ತ ಕೂರಬಾರದು.

ಮತ್ತೆ ಹೀಗಾದರೆ ಏನು ಮಾಡಬೇಕೆಂಬುದನ್ನು ಪರೀಕ್ಷೆಗಳ ಮಾತಿಗೂ ಮುಂಚೆ ಹೇಳಬೇಕು. ಬರೀ ನಾಲ್ಕಾರು ಗಂಧೆ ಎದ್ದು ಮಗು ಆಡಿಕೊಂಡಿದ್ದರೆ ವೈದ್ಯರು ತೂಕ ನೋಡಿ ಬರೆದುಕೊಟ್ಟ ಸೆಟ್ರಿಜಿನ್ ಎಂಬ ಅಲರ್ಜಿ ಸಿರಪ್ ಹಾಕಿ, ಕನಿಷ್ಠ ನಾಲ್ಕು ಗಂಟೆ ಕಣ್ಣಿಟ್ಟಿರಿ. ಉಸಿರು, ದನಿ, ಪ್ರಜ್ಞೆ, ಬಿಡದ ವಾಂತಿ, ಇವುಗಳಲ್ಲಿ ಯಾವುದಾದರೂ ಸೇರಿಕೊಂಡರೆ ಸಿರಪ್ಪು ಸಾಲದು. ಸೆಟ್ರಿಜಿನ್ ತುರಿಕೆ ಇಳಿಸುತ್ತದೆ. ಬಾತುಕೊಂಡ ಗಂಟಲನ್ನು, ಕುಸಿಯುತ್ತಿರುವ ರಕ್ತದೊತ್ತಡವನ್ನು ಅದು ತಡೆಯುವುದಿಲ್ಲ. ಆ ಕೆಲಸ ಮಾಡುವ ಔಷಧ ಅಡ್ರಿನಲಿನ್ ಒಂದೇ. ಅದನ್ನು ತೊಡೆಯ ಹೊರಮಗ್ಗುಲ ನಡುಭಾಗದ ಮಾಂಸಖಂಡಕ್ಕೆ ಚುಚ್ಚಬೇಕು. ಪ್ರಮಾಣ ತೂಕದ ಪ್ರತಿ ಕಿಲೊಗೆ 0.01 ಮಿಲಿಗ್ರಾಂ, ಒಂದು ಸಲಕ್ಕೆ ಮಕ್ಕಳಲ್ಲಿ ಗರಿಷ್ಠ 0.3 ಮಿಲಿಗ್ರಾಂ. ನಮ್ಮಲ್ಲಿ ಸಿಗುವ ಆಂಪೂಲಿನಲ್ಲಿ (ಔಷಧ ತುಂಬಿದ ಪುಟ್ಟ ಗಾಜಿನ ಶೀಶೆ) 1 ಮಿಲಿಲೀಟರಿಗೆ 1 ಮಿಲಿಗ್ರಾಂ ಇರುತ್ತದೆ. ನಿಮ್ಮ ಮಗಳ ತೂಕಕ್ಕೆ ಅದು ಸುಮಾರು 0.1 ಮಿಲಿಲೀಟರ್. ಗುಣ ಕಾಣದಿದ್ದರೆ 5ರಿಂದ 15 ನಿಮಿಷದಲ್ಲಿ ಇನ್ನೊಂದು ಸಲ.

ತಾನೇ ಚುಚ್ಚಿಕೊಳ್ಳುವ ಪೆನ್ನಿನಂಥ ಅಡ್ರಿನಲಿನ್ ಸಾಧನ ನಮ್ಮ ಊರುಗಳ ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಹೀಗಾಗಿ ಆಸ್ಪತ್ರೆ ದೂರವಿರುವ ಕುಟುಂಬಗಳಿಗೆ ಅಲರ್ಜಿ ತಜ್ಞರು ಆಂಪೂಲ್ ಮತ್ತು 1 ಮಿಲಿಲೀಟರ್ ಸಿರಿಂಜ್ ಕೊಟ್ಟು, ಎಷ್ಟು ಗೆರೆಯವರೆಗೆ ಎಳೆಯಬೇಕೆಂದು ಗುರುತು ಹಾಕಿ ಕಲಿಸುವುದುಂಟು. ವೈದ್ಯರ ಎದುರಿಗೆ ಕೈಯಾರೆ ಅಭ್ಯಾಸ ಮಾಡದೆ ಇದಕ್ಕೆ ಇಳಿಯಬೇಡಿ. 0.1ರ ಬದಲು 1 ಮಿಲಿಲೀಟರ್ ಎಳೆದರೆ ಹತ್ತು ಪಟ್ಟು ಔಷಧ ಹೋಗುತ್ತದೆ, ಗಾಬರಿಯಲ್ಲಿ ಆಗುವ ತಪ್ಪು ಇದೇ. ಇನ್ಸುಲಿನ್ ಸಿರಿಂಜಿನ ಸೂಜಿ ಮಾಂಸಖಂಡ ಮುಟ್ಟುವಷ್ಟು ಉದ್ದವಿರುವುದಿಲ್ಲ. ಆಂಪೂಲನ್ನು ಬೆಳಕು, ಬಿಸಿ ತಾಗದಂತೆ ಇಡಿ, ಬಣ್ಣ ತಿರುಗಿದ್ದರೆ ಎಸೆಯಿರಿ, ಮೇಲಿನ ತಾರೀಖು ನೋಡುತ್ತಿರಿ.

108ಕ್ಕೆ ಕರೆ ಮಾಡುವಾಗ, ಆಸ್ಪತ್ರೆಗೆ ಕಾಲಿಡುವಾಗ ಮೊದಲ ಮಾತಾಗಿ ‘ಅನಾಫಿಲ್ಯಾಕ್ಸಿಸ್, ಶೇಂಗಾ ತಿಂದು ಇಷ್ಟು ನಿಮಿಷವಾಯಿತು’ ಎನ್ನಿ. ಸಣ್ಣ ಕ್ಲಿನಿಕ್ಕುಗಳಲ್ಲಿ ಇನ್ನೂ ಮೊದಲು ತುರಿಕೆ ಇಳಿಸುವ ಅವಿಲ್, ಆಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಕಾಯುವ ರೂಢಿ ಇದೆ. ಅವೆರಡೂ ಅಡ್ರಿನಲಿನ್‌ನ ಜಾಗ ತುಂಬಲಾರವು. ಸ್ಟೀರಾಯ್ಡ್ ಕೆಲಸ ಶುರು ಮಾಡುವುದಕ್ಕೇ ಗಂಟೆಗಳು ಬೇಕು. ‘ಅಡ್ರಿನಲಿನ್ ಕೊಡುತ್ತೀರಾ ಡಾಕ್ಟ್ರೇ?’ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ಮಗುವನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿ. ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಉಸಿರಿಗೆ ಕಷ್ಟಪಡುತ್ತಿದ್ದರೆ ತೊಡೆಯ ಮೇಲೆ ಕೂರಿಸಿಕೊಳ್ಳಿ. ನೆಟ್ಟಗೆ ಎತ್ತಿ ಓಡಾಡಿಸಬೇಡಿ, ರಕ್ತದೊತ್ತಡ ಕುಸಿದಿರುವಾಗ ಅದು ಅಪಾಯ. ಇಳಿದ ಲಕ್ಷಣ ಕೆಲವು ಗಂಟೆಗಳ ನಂತರ ಮರುಕಳಿಸುವುದುಂಟು, ಅದಕ್ಕೇ ಆಸ್ಪತ್ರೆಯಲ್ಲಿ 4ರಿಂದ 6 ಗಂಟೆ, ತೀವ್ರವಾಗಿದ್ದರೆ ಅದಕ್ಕೂ ಹೆಚ್ಚು ಹೊತ್ತು ಇಟ್ಟುಕೊಳ್ಳುತ್ತಾರೆ.

ಶೇಂಗಾ ಅಲರ್ಜಿಯಂತೆ ಕಂಡರೂ ಅದಲ್ಲದವು ಕೆಲವಿವೆ. ಇವುಗಳಲ್ಲಿ ಅತಿ ಮುಖ್ಯವಾದದ್ದು ಕಾಳು ಶ್ವಾಸನಾಳಕ್ಕೆ ಹೋಗುವುದು. ಇಡೀ ಶೇಂಗಾ ಕಾಳು ತಿನ್ನುತ್ತ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮತೊಡಗಿ, ಎದೆಯ ಒಂದೇ ಬದಿಯಲ್ಲಿ ಸುಯ್ ಎನ್ನುತ್ತಿದ್ದರೆ, ಗಂಧೆ ಊತ ಯಾವುದೂ ಇಲ್ಲದಿದ್ದರೆ, ಕಾಳು ಸಿಕ್ಕಿಕೊಂಡಿರಬಹುದು. ಕೆಮ್ಮು ಕಡಿಮೆಯಾದಂತೆ ಕಂಡು ವಾರಗಟ್ಟಲೆ ‘ನ್ಯುಮೋನಿಯಾ’ ಎಂದು ಔಷಧ ನಡೆದು, ಕೊನೆಗೆ ಬ್ರಾಂಕೋಸ್ಕೋಪಿಯಲ್ಲಿ (ಶ್ವಾಸನಾಳಕ್ಕೆ ನಳಿಕೆ ಇಳಿಸಿ ನೋಡುವ ವಿಧಾನ) ಶೇಂಗಾ ಚೂರು ಹೊರಬರುವುದು ಮಕ್ಕಳ ಆಸ್ಪತ್ರೆಗಳಿಗೆ ಹೊಸದಲ್ಲ. ಅಲರ್ಜಿ ಇರಲಿ ಬಿಡಲಿ, ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಕಾಳು ಕೊಡಬಾರದು.

ಜ್ವರ ನೆಗಡಿಯ ಜೊತೆ ಏಳುವ ಗಂಧೆ ದಿನಗಟ್ಟಲೆ ಬಂದು ಹೋಗುತ್ತಿರುತ್ತದೆ, ಊಟದ ಹೊತ್ತಿಗೂ ಅದಕ್ಕೂ ತಾಳೆ ಇರುವುದಿಲ್ಲ. ಟೊಮೆಟೊ, ಹುಳಿ ಹಣ್ಣು ತಾಗಿ ಗಲ್ಲ ಕೆಂಪಾದದ್ದು ತಾಗಿದಷ್ಟೇ ಜಾಗದಲ್ಲಿ ಚಪ್ಪಟೆಯಾಗಿ ಉಳಿಯುತ್ತದೆ. ಇನ್ನೊಂದು ಬಗೆಯಲ್ಲಿ ತಿಂದ ಒಂದರಿಂದ ನಾಲ್ಕು ಗಂಟೆಯ ಮೇಲೆ, ಗಂಧೆಯೇ ಇಲ್ಲದೆ, ಒಂದರ ಮೇಲೊಂದು ವಾಂತಿಯಾಗಿ ಮಗು ಬಿಳಿಚಿ ಸುಸ್ತಾಗುತ್ತದೆ. ಇದೂ ಆಹಾರದ ಅಲರ್ಜಿಯೇ, ಆದರೆ ಕರುಳಿಗೆ ಸೇರಿದ್ದು. ಚರ್ಮದ ಪರೀಕ್ಷೆ, ರಕ್ತ ಪರೀಕ್ಷೆ ಎರಡರಲ್ಲೂ ಸಿಕ್ಕಿಬೀಳುವುದಿಲ್ಲ. ಚಿಕಿತ್ಸೆಯೂ ಬೇರೆ. ನಿಮ್ಮ ಮಗಳದ್ದು ಹತ್ತು ನಿಮಿಷದಲ್ಲಿ ಶುರುವಾಗಿ, ಶೇಂಗಾ ತಾಗದ ಬೆನ್ನಿನ ಮೇಲೂ ಎದ್ದಿರುವುದರಿಂದ ಇವಾವುದಕ್ಕೂ ಹೊಂದುವುದಿಲ್ಲ.

ಮೊದಲ ಸಲಕ್ಕೇ ಹೇಗೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಬಹುಶಃ ಆ ಇಸುಬಿನಲ್ಲಿದೆ. ಬಾಯಿಗೆ ಮೊದಲ ಸಲವಾದರೂ ಮೈಗೆ ಮೊದಲ ಸಲವಲ್ಲ. ಇಸುಬು ಇರುವ ಚರ್ಮದಲ್ಲಿ ಬಿರುಕುಗಳಿರುತ್ತವೆ. ಶೇಂಗಾ ಕುಟ್ಟುವ, ಹುರಿಯುವ, ದಿನವೂ ತಿನ್ನುವ ಮನೆಯ ಧೂಳಿನಲ್ಲಿ, ಹಾಸಿಗೆಯಲ್ಲಿ, ಎತ್ತಿಕೊಳ್ಳುವವರ ಕೈಯಲ್ಲಿ ಅದರ ಪ್ರೋಟೀನು ಇದ್ದೇ ಇರುತ್ತದೆ. ಅದು ಚರ್ಮದ ಬಿರುಕಿನಿಂದ ಒಳಹೊಕ್ಕಾಗ ದೇಹ ಅದನ್ನು ವೈರಿಯೆಂದು ಗುರುತಿಟ್ಟುಕೊಂಡು ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಅದೇ ಪ್ರೋಟೀನು ಎಳೆಯ ವಯಸ್ಸಿನಲ್ಲಿ ಮೊದಲು ಹೊಟ್ಟೆಯ ದಾರಿಯಿಂದ ಬಂದರೆ ದೇಹ ಒಪ್ಪಿಕೊಳ್ಳುವ ಸಂಭವ ಹೆಚ್ಚು. ಇಂಗ್ಲೆಂಡಿನ ಮಕ್ಕಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಶೇಂಗಾ ಎಣ್ಣೆ ಇರುವ ಮುಲಾಮನ್ನು ಕೆರಳಿದ ಚರ್ಮಕ್ಕೆ ಹಚ್ಚಿಸಿಕೊಂಡ ಕೂಸುಗಳಲ್ಲಿ ಶೇಂಗಾ ಅಲರ್ಜಿ ಹೆಚ್ಚೆಂದು ತೋರಿಸಿತು. ಬಾಣಂತಿ ಮನೆಯಲ್ಲಿ ಕೂಸಿಗೆ ಎಣ್ಣೆ ತಿಕ್ಕುವ ನಮಗೆ ಇದು ನೇರ ಸಂಬಂಧಪಟ್ಟ ಮಾತು. ಇಸುಬು ಇರುವ ಮಗುವಿಗೆ ಗಾಣದ ಶೇಂಗಾ ಎಣ್ಣೆಯ ಮಾಲೀಸು ಬೇಡ. ಇಸುಬಿಗೆ ಸರಿಯಾದ ಚಿಕಿತ್ಸೆ ಮಾಡಿಸಿ, ದಿನಕ್ಕೆರಡು ಸಲ ವಾಸನೆಯಿಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ.

ಇನ್ನು ಪರೀಕ್ಷೆಗಳು. ನೂರು ಪದಾರ್ಥಗಳ ಪಟ್ಟಿಗೆ ದುಡ್ಡು ಹಾಕಬೇಡಿ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಕಾಲು ಭಾಗದಷ್ಟು ಜನರ ರಕ್ತ ಯಾವುದೋ ಒಂದು ಆಹಾರಕ್ಕೆ ಪಾಸಿಟಿವ್ ಬಂತು. ಲಕ್ಷಣವೂ ಜೊತೆಗಿದ್ದು ಅಲರ್ಜಿ ಎನ್ನಬಹುದಾದವರು ಶೇ. 1ರ ಆಸುಪಾಸು ಮಾತ್ರ. ಪಾಸಿಟಿವ್ ಎಂದರೆ ದೇಹದಲ್ಲಿ ಐಜಿಇ ಇದೆ ಎಂದಷ್ಟೇ ಅರ್ಥ. ತಿಂದರೆ ತೊಂದರೆಯಾಗುತ್ತದೆ ಎಂದಲ್ಲ. ಇಸುಬು ಇರುವ ಮಕ್ಕಳಲ್ಲಂತೂ ಇಂಥ ಪಟ್ಟಿಯಲ್ಲಿ ಹತ್ತಾರು ಸಾಲು ಕೆಂಪಾಗಿ ಬರುತ್ತವೆ. ಆಮೇಲೆ ಹಾಲು, ಗೋಧಿ, ತೊಗರಿ, ಮೊಟ್ಟೆ ಎಲ್ಲ ಬಿಡಿಸಿ, ಆರಾಮವಾಗಿ ತಿನ್ನುತ್ತಿದ್ದ ಮಗು ಸೊರಗಿ ಹೋಗುತ್ತದೆ. ಇದಕ್ಕಿಂತ ದೊಡ್ಡ ಹಾನಿಯೂ ಇದೆ: ತಿನ್ನುತ್ತಿದ್ದ ಆಹಾರವನ್ನು ಸುಮ್ಮನೆ ಬಿಡಿಸಿದರೆ ದೇಹಕ್ಕಿದ್ದ ಒಗ್ಗಿಕೆ ತಪ್ಪಿ ನಿಜವಾದ ಅಲರ್ಜಿಯೇ ಶುರುವಾಗಬಹುದು. ಐಜಿಜಿ ಎಂಬ ಇನ್ನೊಂದು ಪರೀಕ್ಷೆಯನ್ನೂ ಮಾರುತ್ತಾರೆ. ಅದು ಆ ಆಹಾರವನ್ನು ಮಗು ತಿಂದಿದೆ ಎಂಬುದನ್ನು ಬಿಟ್ಟು ಬೇರೇನೂ ಹೇಳದು.

ಮಾಡಿಸಬೇಕಾದದ್ದು ಶೇಂಗಾಕ್ಕೆ ಮಾತ್ರ, ಜೊತೆಗೆ ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಅನುಮಾನ ಹುಟ್ಟಿಸಿದ ಒಂದೆರಡಕ್ಕೆ. ಚರ್ಮದ ಪ್ರಿಕ್ ಪರೀಕ್ಷೆಯಲ್ಲಿ ಒಂದು ಹನಿ ಸಾರವನ್ನು ಮುಂಗೈ ಅಥವಾ ಬೆನ್ನ ಮೇಲೆ ಇಟ್ಟು ಸಣ್ಣಗೆ ಚುಚ್ಚುತ್ತಾರೆ, ಹದಿನೈದು ನಿಮಿಷಕ್ಕೆ ಉಬ್ಬನ್ನು ಅಳೆಯುತ್ತಾರೆ. 3 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಪಾಸಿಟಿವ್. 8 ದಾಟಿದರೆ ನಿಜವಾದ ಅಲರ್ಜಿಯ ಸಂಭವ ತುಂಬಾ ಹೆಚ್ಚು. ನಿಮ್ಮ ಮಗಳಂಥ ಪುಟ್ಟ ಮಕ್ಕಳಲ್ಲಿ ಅದಕ್ಕಿಂತ ಚಿಕ್ಕ ಉಬ್ಬಿಗೂ ಅಷ್ಟೇ ತೂಕವಿದೆ. ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ ಸೆಟ್ರಿಜಿನ್ ಮಾದರಿಯ ಔಷಧ ನಿಲ್ಲಿಸಿರಬೇಕು, ಇಲ್ಲದಿದ್ದರೆ ಉಬ್ಬು ಏಳದೆ ಸುಳ್ಳು ನೆಗೆಟಿವ್ ಬರುತ್ತದೆ. ಕೆಮ್ಮಿನ ಸಿರಪ್ಪುಗಳಲ್ಲೂ ಇದೇ ಬಗೆಯ ಔಷಧ ಅಡಗಿರುತ್ತದೆ, ಶೀಶೆ ಓದಿ. ತೀವ್ರ ಪ್ರತಿಕ್ರಿಯೆಯ ಬೆನ್ನಿಗೇ ಮಾಡಿಸಿದರೂ ಹೀಗಾಗಬಹುದು, ನಾಲ್ಕಾರು ವಾರ ಬಿಟ್ಟು ಮಾಡಿಸುವುದು ಒಳ್ಳೆಯದು. ಔಷಧ ನಿಲ್ಲಿಸಲಾಗದಿದ್ದರೆ, ಚುಚ್ಚಲು ಜಾಗವಿಲ್ಲದಷ್ಟು ಇಸುಬು ಇದ್ದರೆ ರಕ್ತದ ಐಜಿಇ ಪರೀಕ್ಷೆ. ಅದರಲ್ಲಿ 0.35 ದಾಟಿದರೆ ಪಾಸಿಟಿವ್, 15 ದಾಟಿದರೆ ಬಹುಮಟ್ಟಿಗೆ ಖಚಿತ. ಸಂಖ್ಯೆ ನಡುವೆ ಸಿಕ್ಕಿಕೊಂಡಾಗ ‘ಅರಾ ಎಚ್ 2’ ಎಂಬ ಶೇಂಗಾದ ಒಂದೇ ಪ್ರೋಟೀನಿಗೆ ಮಾಡುವ ಪರೀಕ್ಷೆ ನೆರವಾಗುತ್ತದೆ. ಈ ಸಂಖ್ಯೆಗಳು ಅಲರ್ಜಿ ಇರುವ ಸಂಭವ ಎಷ್ಟೆಂದು ಹೇಳುತ್ತವೆ, ಮುಂದಿನ ಸಲ ಎಷ್ಟು ತೀವ್ರವಾಗುತ್ತದೆಂದು ಹೇಳುವುದಿಲ್ಲ. ಕತೆಯೂ ಪರೀಕ್ಷೆಯೂ ಒಂದೇ ಕಡೆ ಬೆರಳು ತೋರಿಸಿದರೆ ಅಲ್ಲಿಗೆ ನಿರ್ಣಯವಾಯಿತು. ಎರಡಕ್ಕೂ ತಾಳೆಯಾಗದಿದ್ದಾಗ ಮಾತ್ರ ಆಸ್ಪತ್ರೆಯಲ್ಲಿ ತೀರ ಸಣ್ಣ ಪ್ರಮಾಣದಿಂದ ಹಂತ ಹಂತವಾಗಿ ತಿನ್ನಿಸಿ ನೋಡುತ್ತಾರೆ.

ಅಲ್ಲಿಯವರೆಗೆ ಶೇಂಗಾ ಪೂರ್ತಿ ಬಂದ್. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಇದು ಸುಲಭವಲ್ಲ. ಚಟ್ನಿಪುಡಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಚಿಕ್ಕಿ ಎದುರಿಗೇ ಕಾಣುತ್ತವೆ. ನಿಪ್ಪಟ್ಟು, ಚೂಡಾ, ಸಾಬುದಾಣಿ ಖಿಚಡಿ, ಚಿತ್ರಾನ್ನ, ಹೋಟೆಲಿನ ಬಿಳಿ ಚಟ್ನಿ, ಬೇಕರಿಯ ಬಿಸ್ಕತ್ತು, ಗೋಡಂಬಿಯ ಬದಲು ಶೇಂಗಾ ಅರೆದು ಹಾಕಿದ ಗ್ರೇವಿ, ಇವುಗಳನ್ನು ಕೇಳಿಯೇ ತಿಳಿಯಬೇಕು. ಪೊಟ್ಟಣದ ತಿನಿಸಿನ ಮೇಲೆ ಶೇಂಗಾ ಇದ್ದರೆ ಅಲರ್ಜಿಕಾರಕವೆಂದು ನಮೂದಿಸಬೇಕೆಂಬ ನಿಯಮ ಭಾರತದಲ್ಲಿದೆ. ಬಿಡಿಯಾಗಿ ತೂಗಿ ಕೊಡುವ ಖಾರ, ಸಿಹಿಗಳ ಮೇಲೆ ಅಂಥ ಚೀಟಿ ಇರುವುದಿಲ್ಲ. ಎಣ್ಣೆಯ ವಿಚಾರದಲ್ಲಿ, ಚೆನ್ನಾಗಿ ರಿಫೈನ್ ಮಾಡಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಹೆಚ್ಚುಕಡಿಮೆ ಉಳಿದಿರುವುದಿಲ್ಲ, ಗಾಣದ ಎಣ್ಣೆಯಲ್ಲಿ ಇರುತ್ತದೆ. ಮನೆಯಲ್ಲಿ ಗಾಣದ ಎಣ್ಣೆ ಬಳಸುತ್ತಿದ್ದರೆ ಮಗುವಿನ ಅಡುಗೆಗೆ ಬೇರೆ ಎಣ್ಣೆ ಇಡಿ. ಬೇಯಿಸಿದ ಶೇಂಗಾದಲ್ಲಿ ಪ್ರೋಟೀನಿನ ಒಂದಿಷ್ಟು ಭಾಗ ನೀರಿಗೆ ಇಳಿದುಹೋಗುವುದರಿಂದ ಹುರಿದದ್ದಕ್ಕಿಂತ ಅದರ ಕೆರಳಿಸುವ ಶಕ್ತಿ ಕಡಿಮೆ, ಆದರೆ ಅದೂ ಸುರಕ್ಷಿತವಲ್ಲ. ‘ಕುದಿಸಿದ್ದು ಕೊಟ್ಟಾಗ ಏನೂ ಆಗಲಿಲ್ಲ’ ಎಂದು ಹುರಿದದ್ದು ಕೊಟ್ಟು ಆಸ್ಪತ್ರೆ ಸೇರಬೇಕಾದೀತು.

ಮನೆಯವರೆಲ್ಲ ಶೇಂಗಾ ಬಿಡಲೇಬೇಕೆಂದಿಲ್ಲ. ತಿಂದವರು ಮಗುವನ್ನು ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆಯಲಿ. ಬರೀ ನೀರು, ಸ್ಯಾನಿಟೈಸರ್ ಪ್ರೋಟೀನನ್ನು ತೆಗೆಯುವುದಿಲ್ಲ. ತಿಂದ ಬಾಯಲ್ಲೇ ಮುತ್ತಿಡುವುದು, ಎಂಜಲ ಚಮಚ ಬೇಡ. ಹುರಿಯುವ ಘಮಕ್ಕೇ ಅಪಾಯವಾಗುವುದು ಅಪರೂಪ. ಹೆದರಬೇಕಾದದ್ದು ನೆಲಕ್ಕೆ ಬಿದ್ದ ಚೂರಿಗೆ, ಅಂಬೆಗಾಲಿಡುವ ಕೂಸು ಅದನ್ನು ಹೆಕ್ಕಿ ಬಾಯಿಗಿಡುತ್ತದೆ. ನೀವು ಹಾಲೂಡಿಸುತ್ತಿದ್ದು ಅದರಿಂದ ಮಗುವಿಗೆ ಏನೂ ಆಗಿಲ್ಲವಾದರೆ ಸಾಮಾನ್ಯವಾಗಿ ನೀವು ಶೇಂಗಾ ಬಿಡಬೇಕಿಲ್ಲ. ಅಂಗನವಾಡಿಗೆ, ಬಂಧುಗಳ ಮನೆಗೆ ಕಳಿಸುವಾಗ ‘ಶೇಂಗಾ ಕೊಡಬೇಡಿ’ ಎಂದಷ್ಟೇ ಹೇಳಿ ಬಿಡಬೇಡಿ. ಲಕ್ಷಣಗಳು, ಔಷಧದ ಪ್ರಮಾಣ, ಫೋನ್ ನಂಬರು ಬರೆದ ಒಂದು ಹಾಳೆ ಕೊಡಿ.

ಬೇಳೆಕಾಳು ಬಿಡಿಸಬೇಡಿ. ಶೇಂಗಾ, ತೊಗರಿ, ಕಡಲೆ, ಹೆಸರು ಒಂದೇ ಕುಟುಂಬದ ಗಿಡಗಳಾದ್ದರಿಂದ ರಕ್ತ ಪರೀಕ್ಷೆಯಲ್ಲಿ ಒಟ್ಟಿಗೆ ಪಾಸಿಟಿವ್ ಬರುತ್ತವೆ. ನಿಜವಾಗಿ ಬೇಳೆಗೂ ಅಲರ್ಜಿ ಇರುವ ಮಕ್ಕಳು ಕಡಿಮೆ. ನಿಮ್ಮ ಮಗಳು ಈಗ ತಿನ್ನುತ್ತಿರುವ ಬೇಳೆ, ಪುಟಾಣಿ ಮುಂದುವರಿಯಲಿ. ಗೋಡಂಬಿ, ಬಾದಾಮಿ, ಎಳ್ಳು ಬೇರೆ ಮಾತು. ಶೇಂಗಾ ಅಲರ್ಜಿ ಇರುವವರಲ್ಲಿ ಇವುಗಳ ಅಲರ್ಜಿಯೂ ಜೊತೆಗಿರುವುದು ಸಾಮಾನ್ಯ. ಇನ್ನೂ ತಿನ್ನಿಸದಿದ್ದರೆ ತಜ್ಞರನ್ನು ಕೇಳಿಯೇ ಶುರುಮಾಡಿ.

ಐದು ಮಕ್ಕಳಲ್ಲಿ ಸುಮಾರು ಒಂದಕ್ಕೆ ಈ ಅಲರ್ಜಿ ಬೆಳೆಯುತ್ತ ಹೋಗಿಬಿಡುತ್ತದೆ, ಹೆಚ್ಚಾಗಿ ಶಾಲೆಗೆ ಸೇರುವ ವಯಸ್ಸಿನೊಳಗೆ. ಅದಕ್ಕೇ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಪರೀಕ್ಷೆ ಮಾಡಿಸಿ ಸಂಖ್ಯೆ ಇಳಿಯುತ್ತಿದೆಯೇ ನೋಡಬೇಕು. ಇಳಿದಿದ್ದರೆ ಆಸ್ಪತ್ರೆಯಲ್ಲಿ ತಿನ್ನಿಸಿ ಖಚಿತಪಡಿಸಿಕೊಳ್ಳಬೇಕು, ಮನೆಯಲ್ಲಲ್ಲ.

ಮುಂದೆ ಇನ್ನೊಂದು ಮಗುವಾದರೆ ಭಯಕ್ಕೆ ಶೇಂಗಾವನ್ನು ಮುಂದೂಡಬೇಡಿ. ಮೂರು ವರ್ಷದವರೆಗೆ ಕೊಡಬಾರದೆಂಬ ಹಳೆಯ ಸಲಹೆಯನ್ನು ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2008ರಲ್ಲಿ ಕೈಬಿಟ್ಟಿತು. ಲಂಡನ್ನಿನಲ್ಲಿ 640 ಕೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ‘ಲೀಪ್’ ಅಧ್ಯಯನದಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ ಮಕ್ಕಳನ್ನೇ ಆರಿಸಿದ್ದರು. ಚರ್ಮದ ಪರೀಕ್ಷೆ ನೆಗೆಟಿವ್ ಇದ್ದವರಲ್ಲಿ ಶೇಂಗಾ ದೂರವಿಟ್ಟ ಗುಂಪಿನ ಶೇ. 13.7ರಷ್ಟು ಮಕ್ಕಳಿಗೆ ಐದನೇ ವರ್ಷಕ್ಕೆ ಅಲರ್ಜಿ ಇತ್ತು, ನಿಯಮಿತವಾಗಿ ತಿಂದವರಲ್ಲಿ ಶೇ. 1.9ಕ್ಕೆ ಮಾತ್ರ. ಆ ಮಗುವಿಗೂ ತೀವ್ರ ಇಸುಬು ಕಂಡರೆ ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಕೊಡಿ. ಇಲ್ಲದಿದ್ದರೆ ಆರು ತಿಂಗಳು ತುಂಬಿ ರಾಗಿ ಸರಿ ಒಗ್ಗಿದ ಮೇಲೆ, ಮಗು ಆರೋಗ್ಯವಾಗಿರುವ ದಿನ, ಹಗಲು ಹೊತ್ತಿನಲ್ಲಿ ಶುರುಮಾಡಿ. ಶೇಂಗಾ ಹುರಿದು, ತರಿಯಿಲ್ಲದಂತೆ ನುಣ್ಣಗೆ ಪುಡಿಮಾಡಿ, ಎರಡು ಚಹಾ ಚಮಚ ಪುಡಿಯನ್ನು ಸರಿಯಲ್ಲಿ ತೆಳ್ಳಗೆ ಕಲಸಿ. ಚಮಚದ ತುದಿಯಷ್ಟು ಕೊಟ್ಟು ಹತ್ತು ನಿಮಿಷ ನೋಡಿ. ಏನೂ ಆಗದಿದ್ದರೆ ಉಳಿದದ್ದನ್ನು ನಿಧಾನಕ್ಕೆ ತಿನ್ನಿಸಿ, ಎರಡು ಗಂಟೆ ಎದುರಿಗೇ ಇಟ್ಟುಕೊಳ್ಳಿ. ಆಮೇಲೆ ವಾರಕ್ಕೆ ಮೂರು ಸಲ, ಬಿಡದೆ. ತಿನ್ನಿಸುವ ಚಮಚ, ಬಟ್ಟಲು ದೊಡ್ಡ ಮಗಳ ಕೈಗೆ ಸಿಗದಿರಲಿ.